ಕರೆಯುವವಳ ಕಂಬಳಿ

ಕೆಂಚಿ ಫೋನು ಮಾಡಿ ಸೇತುವೆ ನೋಡಲು ಕರೆದಾಗ ನಾನು ಹೂಂ ಅನ್ನಲಿಲ್ಲ. ಮೊಣಕಾಲು ನೋವು, ಬಿಸಿಲು, ಮಾಳಿಗೆ ಮೇಲೆ ಅರೆಬರೆ ಒಣಗಿದ ಸಂಡಿಗೆ ಅಂತ ಬಾಯಿಗೆ ಬಂದ ನೆಪಗಳನ್ನೆಲ್ಲ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಚಿಕ್ಕಂದಿನಲ್ಲೂ ಹಾಗೆಯೇ, ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಅದನ್ನು ಪಕ್ಕಕ್ಕಿಟ್ಟುಬಿಡುತ್ತಿದ್ದಳು.

“ಸೇತ್ವೆ ರಿಪೇರಿ ಮಾಡ್ಯಾರೆ ಕಣೇ ರೇಣಿ. ಕಾಲೇಜ್ ಹುಡುಗ್ರು ನೋಡಾಕೆ ಬರ್ತಾರಂತೆ. ಕುರಿ ಕರೀತಿದ್ದ ಅಜ್ಜಿ ಬಂದು ನಾಕು ಮಾತು ಹೇಳ್ಬೇಕು ಅಂತ ನಂಗೆ ಹೇಳಿ ಕಳ್ಸ್ಯಾರೆ. ನೀನೂ ಬಾ, ಹೋಗಾಣ.”

ಕುರಿ ಕರೆಯುತ್ತಿದ್ದ ಅಜ್ಜಿ. ಅಷ್ಟು ಸಾಕಾಯಿತು ನನಗೆ. ಕೆಂಚಿ ಅಂದರೆ ಕೆಂಚಮ್ಮ, ನಮ್ಮ ದೊಡ್ಡಪ್ಪನ ಮಗಳು, ಈಗ ಐಮಂಗಲದಲ್ಲಿ ಮಗನ ಮನೆಯಲ್ಲಿದ್ದಾಳೆ. ನನಗಿಂತ ಕೆಲವೇ ತಿಂಗಳು ದೊಡ್ಡವಳು. ಅಕ್ಕ ಅನ್ನು ಅಂತ ನಮ್ಮಜ್ಜಿ ಕಿವಿ ಹಿಂಡಿದರೂ ನಾನು ಅನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಹೋದ ವರ್ಷ ಅವಳ ಮೊಮ್ಮಗಳು ಅವಳನ್ನು ಆ ಸೇತುವೆ ಮೇಲೆ ನಿಲ್ಲಿಸಿ, ಹಳೆಯ ಕಾಲದಲ್ಲಿ ಕುರಿ ಕರೆಯುತ್ತಿದ್ದ ಹಾಗೆ ಕರೆಸಿ ವಿಡಿಯೋ ಮಾಡಿದ್ದಳು. ಅದು ಯಾರ್ಯಾರದೋ ಫೋನು ಸುತ್ತಿ ಕೊನೆಗೆ ಚಿತ್ರದುರ್ಗದಲ್ಲಿ ನಾನು ಪಾಠ ಹೇಳಿಕೊಟ್ಟ ಹುಡುಗಿಯೊಬ್ಬಳಿಂದ ನನ್ನ ಫೋನಿಗೇ ಬಂತು. ‘ಮೇಡಂ, ನಿಮ್ಮೂರಿನ ಸೇತುವೆ ಅಜ್ಜಿ’ ಎಂದು ಬರೆದು ಕೈ ಮುಗಿಯುವ ಚಿತ್ರ ಹಾಕಿದ್ದಳು. ನನ್ನ ಊರು, ನನ್ನ ಮನೆ ಮುಂದಿನ ಸೇತುವೆ, ಅದಕ್ಕೆ ಅಜ್ಜಿ ಮಾತ್ರ ಕೆಂಚಿ. ಆ ದಿನ ನನಗೆ ಊಟ ಸೇರಲಿಲ್ಲ ಅಂದರೆ ನಂಬಿ. ಈ ವಯಸ್ಸಿನಲ್ಲಿ ಎಂಥ ಹೊಟ್ಟೆಕಿಚ್ಚು ಅನ್ನುವವರಿಗೆ ನಾನು ಹೇಳುವುದಿಷ್ಟೆ: ಮೊದಲು ಆ ಮನೆಯಲ್ಲಿ ನನ್ನ ಹಾಗೆ ಬೆಳೆದು ಬನ್ನಿ, ಆಮೇಲೆ ಮಾತಾಡೋಣ.

ನಮ್ಮ ಮನೆ ಇದ್ದದ್ದು ಹೊಸದುರ್ಗದ ಕಡೆಯ ಒಂದು ಸಂತೆ ಊರಿನಲ್ಲಿ, ಹಳ್ಳದ ಈಚೆ ದಂಡೆಗೆ. ಆಚೆ ದಂಡೆಗೆ ಸಂತೆಮಾಳ. ನಡುವೆ ಕಲ್ಲಿನ ಸೇತುವೆ. ಅದು ಪಾಳೆಯಗಾರರು ಕಟ್ಟಿಸಿದ್ದು ಎಂದು ಕೆಲವರು, ಅವರಿಗಿಂತ ಹಿಂದಿನ ರಾಜರದು ಎಂದು ಇನ್ನು ಕೆಲವರು ನಮ್ಮ ಜಗಲಿ ಮೇಲೆ ಕುಳಿತು ವಾದ ಮಾಡುತ್ತಿದ್ದರು. ಗಾರೆ ಇಲ್ಲ, ಇಟ್ಟಿಗೆ ಇಲ್ಲ. ನೀರಿನಲ್ಲಿ ಸಾಲಾಗಿ ನಿಲ್ಲಿಸಿದ ಗಿಡ್ಡ ಕಲ್ಲುಕಂಬಗಳು, ಕಂಬದ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಆಳುದ್ದದ ಚಪ್ಪಡಿ, ಅಷ್ಟೆ. ಚಪ್ಪಡಿಗಳ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ಬೋರಲು ಮಲಗಿ ಕಣ್ಣಿಟ್ಟರೆ ಕೆಳಗೆ ನೀರು ಹೋಗುವುದು ಕಾಣುತ್ತಿತ್ತು. ಅಜ್ಜಿಗೆ ಅದು ಯಾವ ರಾಜರದೂ ಅಲ್ಲ, ನಮ್ಮ ಮನೆಯದು. ಬೆಳಿಗ್ಗೆ ಅಂಗಳಕ್ಕೆ ಸಗಣಿ ನೀರು ಚೆಲ್ಲಿ ರಂಗೋಲಿ ಬಿಟ್ಟ ಮೇಲೆ ಸೇತುವೆಯ ಮೊದಲ ಚಪ್ಪಡಿಗೂ ಎರಡೆಳೆ ಎಳೆದು ಬರುತ್ತಿದ್ದಳು. ಸಂತೆಯಿಲ್ಲದ ದಿನ ಅದರ ಮೇಲೆ ನಮ್ಮ ಮೆಣಸಿನಕಾಯಿ ಒಣಗುತ್ತಿತ್ತು, ಹುಣಸೆಹಣ್ಣು ಒಣಗುತ್ತಿತ್ತು, ಮಧ್ಯಾಹ್ನ ಅಜ್ಜಿಯ ಬೆನ್ನೂ ಕಾಯುತ್ತಿತ್ತು.

ಮನೆ ಉದ್ದಕ್ಕೆ ಇತ್ತು, ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ಕಾಣುವ ಹಾಗೆ. ಮುಂದಿನ ಪಡಸಾಲೆಯೇ ಅಪ್ಪನ ಅಂಗಡಿ, ಗೋಡೆಯುದ್ದಕ್ಕೂ ಮಡಿಸಿಟ್ಟ ಕಂಬಳಿಗಳ ರಾಶಿ. ನಡುಮನೆ ಕತ್ತಲು, ಅಲ್ಲಿ ರಾಗಿ ತುಂಬಿದ ಗುಡಾಣಗಳು ಮತ್ತು ದೇವರ ಗೂಡು. ಪೂಜೆಯ ದಿನ ದೇವರ ಮುಂದೆ ಮೊದಲು ಕಂಬಳಿ ಹಾಸಿ ಆಮೇಲೆ ಉಳಿದದ್ದೆಲ್ಲ. ಅದರಾಚೆ ಅಡುಗೆಮನೆ, ಅದರಾಚೆ ಹಿತ್ತಲಲ್ಲಿ ಕುರಿ ರೊಪ್ಪ. ಕಂಬಳಿಗೆ ಬಿಗಿ ಬರಲೆಂದು ಹುಣಸೆಬೀಜದ ಗಂಜಿ ಹಚ್ಚುತ್ತಾರಲ್ಲ, ಆ ವಾಸನೆ ನಮ್ಮ ಬಟ್ಟೆಗೂ ತಲೆಗೂದಲಿಗೂ ಸೇರಿಹೋಗಿತ್ತು. ಶಾಲೆಯಲ್ಲಿ ಪಕ್ಕ ಕೂತವರು ಮೂಗು ಮುರಿಯುತ್ತಿದ್ದರು. ನಾನು ಕೋಪದಿಂದ ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದೆ.

ವಾರವಾರ ಸಂತೆಗೆ ಬಾಗೂರು ಕಡೆಯಿಂದ, ಹೊಳಲ್ಕೆರೆ ದಾರಿಯಿಂದ ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಎಲ್ಲರೂ ನಮ್ಮ ಮನೆ ಮುಂದೆ ಬಂದು ನಿಲ್ಲಲೇಬೇಕು. ಯಾಕೆಂದರೆ ಕುರಿಗಳು ಸೇತುವೆ ಹತ್ತುತ್ತಿರಲಿಲ್ಲ. ಮೊದಲ ಚಪ್ಪಡಿಯ ಮೇಲೆ ಗೊರಸು ಇಟ್ಟೊಡನೆ ಕೆಳಗಿನಿಂದ ಟೊಳ್ಳು ಸದ್ದು, ಸಂದಿನಲ್ಲಿ ನೀರಿನ ಮಿಂಚು; ಅಲ್ಲಿಗೆ ಎಲ್ಲವೂ ಒಂದರ ಹೊಟ್ಟೆಗೆ ಇನ್ನೊಂದು ತಲೆ ತೂರಿಸಿ ಗುಂಪಾಗಿ ನಿಂತುಬಿಡುತ್ತಿದ್ದವು. ಹಿಂದಿನಿಂದ ಹೊಡೆದರೆ ಹಳ್ಳಕ್ಕೆ ಬೀಳುತ್ತಿದ್ದವು. ಅದಕ್ಕೇ ನಮ್ಮ ಮನೆಯಲ್ಲೊಂದು ಪದ್ಧತಿ ಬೆಳೆದಿತ್ತು. ಮನೆಯ ಹೆಣ್ಣುಮಗಳೊಬ್ಬಳು ಹುರುಳಿಯನ್ನು ಮಡಿಲಿಗೆ ಹಾಕಿಕೊಂಡು ಆಚೆ ದಂಡೆಯ ಕೊನೆಯ ಚಪ್ಪಡಿ ಮೇಲೆ ನಿಂತು ಕರೆಯಬೇಕು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ತ್ರ್ರ್ರ್ ಎಂದು ನಡುಗಿಸಿ, ಹೋ ಎಂದು ನಿಧಾನ ಕೆಳಗಿಳಿಸುವ ಕೂಗು ಅದು. ಗಂಟೆ ಕಟ್ಟಿದ ಟಗರು ಆ ಕೂಗಿಗೆ ಹೊರಟರೆ ಉಳಿದವು ಅದರ ಹಿಂದೆ. ಪೂರ್ತಿ ದಾಟಿದ ಮೇಲೆ ಕುರಿಯವನು ಕೊನೆಯ ಕುರಿಯ ಬೆನ್ನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು ಕರೆದವಳ ಅಂಗೈಗೆ ಹಾಕಿ ಮುಂದೆ ಹೋಗುತ್ತಿದ್ದ. ಅವಳು ಅದನ್ನು ಬುಟ್ಟಿಗೆ ಹಾಕುತ್ತಿದ್ದಳು. ಬುಟ್ಟಿ ತುಂಬಿದ ಹಾಗೆಲ್ಲ ಅಜ್ಜಿ ನೂಲುತ್ತಿದ್ದಳು. ವರ್ಷಾನುಗಟ್ಟಲೆ ಸೇರಿದ ಆ ನೂಲಿನಿಂದ ಒಂದೇ ಒಂದು ಕಂಬಳಿ ನೇಯಿಸಿ, ಕರೆದವಳು ಮದುವೆಯಾಗಿ ಹೋಗುವಾಗ ಹೆಗಲಿಗೆ ಹಾಕಿ ಕಳಿಸುವುದು. ಅದಕ್ಕೆ ಕರೆಯುವವಳ ಕಂಬಳಿ ಅಂತಲೇ ಹೆಸರು. ಯಾರ್ಯಾರ ಮಂದೆಯದೋ ಕಪ್ಪು, ಕಂದು, ಬೂದು ಎಲ್ಲ ಬೆರೆತು ಅದಕ್ಕೆ ಇಂಥದೇ ಅನ್ನುವ ಬಣ್ಣ ಇರುತ್ತಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಅಂಥ ಇನ್ನೊಂದು ಸಿಗುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಕರೆಯುತ್ತಿದ್ದವಳು ನಮ್ಮ ಸೋದರತ್ತೆ. ಅವಳ ಮದುವೆಯ ದಿನ ಅಜ್ಜಿ ಆ ಕಂಬಳಿಯನ್ನು ಅವಳ ಹೆಗಲಿಗೆ ಹಾಕಿದಾಗ ನೆರೆದವರೆಲ್ಲ ಕತ್ತು ಚಾಚಿ ನೋಡಿದರು. ನಾನು ಅವ್ವನ ಸೆರಗು ಎಳೆದು, ಇನ್ನು ಮುಂದೆ ಯಾರು ಅಂತ ಕೇಳಿದೆ. “ಇನ್ಯಾರು, ನೀನೇ” ಅಂದಳು ಅವ್ವ. ಆ ಮಾತನ್ನು ನಾನು ಅಲ್ಲಿಂದ ಎದೆಯಲ್ಲಿ ಕಟ್ಟಿಕೊಂಡು ತಿರುಗಿದೆ. ಅತ್ತೆ ಹೋದ ಮೇಲೆ ಕೆಲ ಕಾಲ ಅವ್ವನೇ ಕರೆದಳು. ನನಗೆ ಗಂಟಲು ಬಲಿಯಲಿ ಅಂತ ಕಾಯುತ್ತಿದ್ದರು. ಬುಟ್ಟಿಯನ್ನು ನಾನು ನಡುಮನೆಯ ಗೂಟಕ್ಕೆ ತೂಗುಹಾಕಿ, ಅದನ್ನು ಯಾರೂ ಮುಟ್ಟಕೂಡದು ಅಂತ ಕಾನೂನು ಮಾಡಿದ್ದೆ.

ಅಷ್ಟರಲ್ಲಿ ಕೆಂಚಿ ಬಂದಳು. ದೊಡ್ಡಪ್ಪ ಕುರಿಮಂದೆಯ ಜೊತೆ ಊರೂರು ತಿರುಗುವವನು, ದೊಡ್ಡವ್ವನೂ ಅವನ ಹಿಂದೆ. ಹುಡುಗಿ ನಾಲ್ಕಕ್ಷರ ಕಲಿಯಲಿ ಅಂತ ಅಪ್ಪನೇ ಹಟ ಹಿಡಿದು ಅವಳನ್ನು ನಮ್ಮ ಮನೆಗೆ ಕರೆತಂದ. ಬಂದಾಗ ಅವಳ ಕೈಯಲ್ಲಿ ಒಂದು ಗಂಟು, ಕಾಲ ತುಂಬ ಧೂಳು. ಪಡಸಾಲೆಯ ಮೂಲೆಯಲ್ಲಿ ನಿಂತು, ನೀರು ಕುಡಿ ಅಂದರೆ ಕುಡಿದಳು, ಕುಂತ್ಕ ಅಂದರೆ ಕೂತಳು. ಮೊದಲ ದಿನ ನನಗೆ ಅಯ್ಯೋ ಪಾಪ ಅನ್ನಿಸಿತು. ಅದು ಊಟದ ಹೊತ್ತಿನವರೆಗೆ ಬಾಳಿತು. ತಟ್ಟೆ ಹಾಕಿದಾಗ ಅಜ್ಜಿಯ ಬಲಕ್ಕೆ, ನಾನು ಹುಟ್ಟಿದಾಗಿನಿಂದ ಕೂರುತ್ತಿದ್ದ ಜಾಗದಲ್ಲಿ ಅವಳನ್ನು ಕೂರಿಸಿದರು. ಮುದ್ದೆ ಇಬ್ಬರಿಗೂ ಒಂದೇ ಗಾತ್ರ. ಆದರೆ ಸಾರಿನ ಮೇಲೆ ತುಪ್ಪ ಹಾಕುವಾಗ ಅವ್ವನ ಕೈ ಅವಳ ತಟ್ಟೆಯ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವ್ವ ನೋಡಿದಳು.

“ತಾಯಿ ದೂರದಾಗವ್ಳೆ ಕಣೇ ಅದ್ಕೆ. ನಿಂಗೇನು, ನಾನು ಇಲ್ಲೇ ಇದೀನಲ್ಲ.”

“ಹಂಗಾದ್ರೆ ನೀನೂ ದೂರ ಹೋಗು. ನಂಗೂ ತುಪ್ಪ ಬೀಳ್ಲಿ.”

ಅಜ್ಜಿ ಸೌಟಿನ ಹಿಡಿಯಿಂದ ನನ್ನ ತಲೆಗೆ ಮೆಲ್ಲಗೆ ಕುಟ್ಟಿದಳು. ಅಪ್ಪ ನಕ್ಕ. ಕೆಂಚಿ ತನ್ನ ತಟ್ಟೆಯ ತುಪ್ಪ ಬಿದ್ದ ಸಾರನ್ನು ನನ್ನ ತಟ್ಟೆಗೆ ಸುರಿಯಲು ಬಂದಳು. ನಾನು ತಟ್ಟೆ ಎತ್ತಿಕೊಂಡು ಗುಡಾಣದ ಹಿಂದೆ ಹೋಗಿ ಕೂತೆ. ಆವತ್ತಿನಿಂದ ಗಿಣ್ಣಿನ ಪಾಲಿಗೆ, ಹಾಲಿನ ಪಾತ್ರೆಯ ತಳಕ್ಕೆ, ಅಜ್ಜಿಯ ಪಕ್ಕದ ಹಾಸಿಗೆಗೆ, ಎಲ್ಲಕ್ಕೂ ಜಗಳ. ಜಗಳ ಅಂದರೆ ನನ್ನೊಬ್ಬಳದೇ. ಅವಳು ಜಗಳಕ್ಕೆ ಸಿಗುತ್ತಲೇ ಇರಲಿಲ್ಲ. ಬೈದರೆ ಸುಮ್ಮನಿರುವವಳನ್ನು ಬೈಯುವುದು ಎಂಥ ಕಷ್ಟ ಅಂತ ಬೈದವರಿಗೇ ಗೊತ್ತು.

ಆ ವರ್ಷದ ಮಳೆ ಕಳೆದು ಹಳ್ಳದಲ್ಲಿ ನೀರು ಇಳಿದ ಮೇಲೆ ಅಜ್ಜಿ ನನ್ನನ್ನು ಕರೆದು ಮಡಿಲಿಗೆ ಹುರುಳಿ ಹಾಕಿದಳು. ನಾನು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆಸಿಕೊಂಡು, ಬುಟ್ಟಿ ಹಿಡಿದು, ಸೇತುವೆ ದಾಟಿ ಆಚೆ ದಂಡೆಗೆ ಹೋಗಿ ನಿಂತೆ. ಈಚೆ ಬಾಗೂರಿನವರ ಕುರಿಗಳು. ಕರೆದೆ. ಅತ್ತೆ ಕರೆಯುತ್ತಿದ್ದ ಹಾಗೆಯೇ ಕರೆದೆ ಅಂತ ಈಗಲೂ ಆಣೆ ಮಾಡಿ ಹೇಳುತ್ತೇನೆ. ಟಗರು ತಲೆ ಎತ್ತಿ ನನ್ನನ್ನು ನೋಡಿ, ಪಕ್ಕದ ಬೇಲಿಯ ಸೊಪ್ಪಿಗೆ ಬಾಯಿ ಹಾಕಿತು. ಇನ್ನೊಮ್ಮೆ ಕರೆದೆ. ಗಂಟಲು ಕಿತ್ತುಹೋಗುವ ಹಾಗೆ ಕಿರುಚಿದೆ. ಕುರಿಗಳು ಹಿಂದೆ ಸರಿದವು. ಹಿಂದೆ ಇನ್ನೆರಡು ಮಂದೆ ಬಂದು ಸೇರಿ ಬೀದಿ ತುಂಬಿಹೋಯಿತು, ಕುರಿಯವರು ಗೊಣಗತೊಡಗಿದರು. ಆಗ ನನ್ನ ಹಿಂದಿನಿಂದ, ಅದು ಯಾವಾಗ ಬಂದು ನಿಂತಿದ್ದಳೋ, ಕೆಂಚಿ ಒಂದು ಸಲ ಕೂಗಿದಳು. ದೊಡ್ಡ ಕೂಗೇನಲ್ಲ. ಅಡುಗೆಮನೆಯಿಂದ ಪಡಸಾಲೆಯಲ್ಲಿರುವವರನ್ನು ಊಟಕ್ಕೆ ಕರೆಯುವಷ್ಟು ದನಿ. ಟಗರು ಸೊಪ್ಪು ಬಿಟ್ಟು ಚಪ್ಪಡಿ ಹತ್ತಿತು. ಕುರಿಗಳೆಲ್ಲ ನನ್ನನ್ನು ದಾಟಿ ಹೋಗಿ ಅವಳ ಸುತ್ತ ನಿಂತವು. ಬಾಗೂರಿನವನು ಉಣ್ಣೆಯ ಚಿಟಿಕೆ ಹಿಡಿದು ಒಂದು ಕ್ಷಣ ಇಬ್ಬರನ್ನೂ ನೋಡಿ, ಅವಳ ಕೈಗೆ ಹಾಕಿದ. ಅವಳ ಹತ್ತಿರ ಬುಟ್ಟಿ ಇರಲಿಲ್ಲ. ಬುಟ್ಟಿ ನನ್ನ ಕೈಯಲ್ಲಿತ್ತು.

ಮನೆಗೆ ಬಂದು ಅಜ್ಜಿಯ ಮುಂದೆ ಅತ್ತು ರಂಪ ಮಾಡಿದೆ. ಅವಳು ನೂಲುವುದನ್ನು ನಿಲ್ಲಿಸಲಿಲ್ಲ.

“ಅವ್ಳು ಕುರಿ ಜೊತೆಗೇ ಹುಟ್ಟಿ ಬೆಳ್ದೋಳು. ಕುರಿ ಅವ್ಳ ದನಿಗೆ ಬರ್ತಾವೆ, ನಾನೇನ್ ಮಾಡ್ಲಿ.”

“ನಾನು ಈ ಮನೆ ಮಗ್ಳು ಅಜ್ಜಿ.”

“ಕುರಿಗೆ ಅದು ಗೊತ್ತಿಲ್ವಲ್ಲೇ.”

ಅಲ್ಲಿಗೆ ತೀರ್ಮಾನವಾಗಿಹೋಯಿತು. ಮುಂದಿನ ವಾರದಿಂದ ಕೆಂಚಿ ಕರೆದಳು, ಬುಟ್ಟಿಯೂ ಅವಳದಾಯಿತು. ನಡುಮನೆಯ ಗೂಟದ ಮೇಲೆ ದಿನದಿನಕ್ಕೆ ಉಬ್ಬುತ್ತಿದ್ದ ಆ ಬುಟ್ಟಿಯನ್ನು ನೋಡಿಕೊಂಡು ನಾನು ಮಗ್ಗಿ ಬಾಯಿಪಾಠ ಮಾಡಿದೆ. ಶಾಲೆಯಲ್ಲಿ ನಾನು ಮುಂದೆ, ಅವಳು ಹಿಂದೆ. ಅವಳಿಗೆ ಕಾಗುಣಿತ ಬರುತ್ತಿರಲಿಲ್ಲ. ಆದರೆ ನನ್ನ ಮಗ್ಗಿ ಕೇಳಿ ಯಾರೂ ಸೇತುವೆ ದಾಟುತ್ತಿರಲಿಲ್ಲ.

ಆ ದಿನಗಳಲ್ಲೇ ನನಗೆ ಗುಂಡ ಸಿಕ್ಕಿದ. ತಾಯಿ ಸತ್ತ ಟಗರುಮರಿ; ದೊಡ್ಡಪ್ಪ ತಂದು ನಮ್ಮ ಹಿತ್ತಲಲ್ಲಿ ಬಿಟ್ಟು ಹೋಗಿದ್ದ. ನಾನು ಬಟ್ಟೆ ಬತ್ತಿಯಲ್ಲಿ ಹಾಲು ಕುಡಿಸಿ ಸಾಕಿದೆ. ಬೆಳಿಗ್ಗೆ ಅಜ್ಜಿ ಅಂಬಲಿ ಕಾಯಿಸುವ ಹೊತ್ತಿಗೆ ಸರಿಯಾಗಿ ಅವನು ಅಡುಗೆಮನೆಗೆ ಬಂದು ಒಲೆಯ ಪಕ್ಕ ನಿಲ್ಲುತ್ತಿದ್ದ. ನಾನು ಗುಂಡಾ ಅಂದರೆ ಎಲ್ಲಿದ್ದರೂ ಓಡಿ ಬರುತ್ತಿದ್ದ. ಕೆಂಚಿ ಕರೆದರೆ ನನ್ನ ಮುಖ ನೋಡುತ್ತಿದ್ದ. ಅಂಥ ಸುಖ ನನಗೆ ಆ ಮನೆಯಲ್ಲಿ ಬೇರೆ ಯಾವುದೂ ಇರಲಿಲ್ಲ. ಊರಹಬ್ಬಕ್ಕೆ ಮುಂಚಿನ ದೊಡ್ಡ ಸಂತೆಗೆ ದೊಡ್ಡಪ್ಪ ಮಂದೆ ಹೊಡೆದುಕೊಂಡು ಬಂದು ಹಿಂದಿನ ದಿನವೇ ನಮ್ಮ ರೊಪ್ಪದಲ್ಲಿ ಕೂಡಿಹಾಕಿದ. ಗುಂಡ ಅಷ್ಟರಲ್ಲಿ ಎದೆ ಅಗಲಿಸಿಕೊಂಡು ಟಗರೇ ಆಗಿದ್ದ. ನನಗೊಂದು ಉಪಾಯ ಹೊಳೆಯಿತು. ಕುರಿಗಳು ಗಂಟೆಯ ಹಿಂದೆ ಹೋಗುತ್ತವೆ. ಗುಂಡ ನನ್ನ ಮಾತು ಕೇಳುತ್ತಾನೆ. ಗಂಟೆಯನ್ನು ಗುಂಡನಿಗೆ ಕಟ್ಟಿದರಾಯಿತು. ಇಷ್ಟು ಸುಲಭದ ಲೆಕ್ಕ ಮನೆಯ ದೊಡ್ಡವರಿಗೆ ಯಾಕೆ ತಿಳಿದಿಲ್ಲ ಅಂತ ನನಗೆ ಅವರ ಮೇಲೆ ಕನಿಕರವೂ ಬಂತು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹಿತ್ತಲಿಗೆ ಹೋಗಿ, ದೊಡ್ಡಪ್ಪನ ಮುದಿ ಟಗರಿನ ಕೊರಳ ಗಂಟೆ ಬಿಚ್ಚಿ ಗುಂಡನಿಗೆ ಕಟ್ಟಿದೆ. ಮಂದೆಯನ್ನು ಹಿತ್ತಲ ಪಕ್ಕದ ಓಣಿಯಿಂದ ಹೊರಗೆ ಬಿಡುವ ಹೊತ್ತಿಗೆ ನಾನು ಆಗಲೇ ಆಚೆ ದಂಡೆಯ ಕೊನೆಯ ಚಪ್ಪಡಿ ಮೇಲೆ ನಿಂತಿದ್ದೆ. ಸಂತೆಮಾಳದಲ್ಲಿ ಜನ ಗಿಜಿಗುಡುತ್ತಿದ್ದರು. ಎಲ್ಲರೂ ನೋಡಲಿ ಅಂತಲೇ ನಾನು ಎದೆ ತುಂಬ ಉಸಿರು ತೆಗೆದುಕೊಂಡು ಗುಂಡಾ ಎಂದೆ. ಗುಂಡ ಗಂಟೆ ಆಡಿಸುತ್ತ ಓಡಿ ಬಂದ, ಮಂದೆ ಅವನ ಹಿಂದೆ ಬಂತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಗುಂಡ ಹಿತ್ತಲು, ಅಡುಗೆಮನೆ ಬಿಟ್ಟರೆ ಬೇರೆ ಲೋಕ ಕಂಡವನಲ್ಲ. ಚಪ್ಪಡಿಯ ಮೇಲೆ ಕಾಲಿಟ್ಟೊಡನೆ ಕೆಳಗಿನ ಸದ್ದಿಗೆ ಬೆಚ್ಚಿಬಿದ್ದು, ಗಕ್ಕನೆ ತಿರುಗಿ, ತನಗೆ ಗೊತ್ತಿದ್ದ ಒಂದೇ ಜಾಗಕ್ಕೆ ಓಡಿದ. ನಮ್ಮ ಮುಂಬಾಗಿಲು ಹಾರು ಹೊಡೆದಿತ್ತು. ಗುಂಡ ಒಳಗೆ ಹೋದ. ಗಂಟೆ ಒಳಗೆ ಹೋಯಿತು. ದೊಡ್ಡಪ್ಪನ ಮಂದೆಯೆಲ್ಲ ಒಂದರ ಹಿಂದೆ ಒಂದು ಹೊಸ್ತಿಲು ಹಾರಿ ಒಳಗೆ ಹೋಗುವುದನ್ನು ನಾನು ಹಳ್ಳದ ಆಚೆಯಿಂದ, ಏನೂ ಮಾಡಲಾಗದೆ, ಕಣ್ಣು ಬಿಟ್ಟುಕೊಂಡು ನೋಡಿದೆ.

ಹಿತ್ತಲ ಬಾಗಿಲಿಗೆ ಅಗುಳಿ ಹಾಕಿತ್ತು. ಹೋದವು ಮುಂದೆ ಹೋಗುವಂತಿಲ್ಲ, ಹಿಂದಿನವು ನುಗ್ಗುವುದು ಬಿಡುವುದಿಲ್ಲ. ಪಡಸಾಲೆಯ ಕಂಬಳಿ ರಾಶಿ ಉರುಳಿ ಅದರ ಮೇಲೆ ಕುರಿಗಳು ಹತ್ತಿ ನಿಂತವು. ಒಂದು ಗುಡಾಣ ಒಡೆದು ರಾಗಿ ನಡುಮನೆಯ ತುಂಬ ಹರಡಿತು. ಗುಂಡ ಒಲೆಯ ಪಕ್ಕ ತನ್ನ ಜಾಗದಲ್ಲಿ ನಿಂತು ಅಂಬಲಿಗೆ ಕಾಯುತ್ತಿದ್ದನಂತೆ. ಒಳಗಿನಿಂದ ಅಜ್ಜಿಯ ದನಿ ಸಂತೆಮಾಳಕ್ಕೂ ಕೇಳಿಸಿತು.

“ಯಾವಳ್ಲೇ ಅದು, ಸಂತೇನೇ ಮನೆ ಒಳೀಕ್ ತಂದೋಳು.”

ಸಂತೆಯ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಮನೆಯ ಕಡೆ ಓಡಿದೆ. ಸೇತುವೆಯ ನಡುವೆ ಕೆಂಚಿ ಎದುರಾದಳು. ಮಡಿಲಲ್ಲಿ ಹುರುಳಿ ಇತ್ತು. ಮುಖದಲ್ಲಿ ನಗು ಇರಲಿಲ್ಲ. ನನ್ನ ಪಕ್ಕದಿಂದ ಸರಿದು ಹೋಗಿ ಕೊನೆಯ ಚಪ್ಪಡಿ ಮೇಲೆ ನಿಂತು ಕರೆದಳು. ಹೊಸ್ತಿಲ ಮೇಲೆ ಮೊದಲು ಒಂದು ತಲೆ ಕಂಡಿತು, ಆಮೇಲೆ ಎರಡು, ಆಮೇಲೆ ಹೊಳೆ ತಿರುಗಿದ ಹಾಗೆ ಇಡೀ ಮಂದೆ ಮನೆಯಿಂದ ಹೊರಬಿತ್ತು. ನಾನು ಸೇತುವೆಯ ಅಂಚಿಗೆ ಒತ್ತಿ ನಿಂತೆ. ಕುರಿಗಳು ನನ್ನ ಲಂಗಕ್ಕೆ ಮೈ ತಿಕ್ಕಿಕೊಂಡು ಹೋದವು. ಎಲ್ಲಕ್ಕಿಂತ ಕೊನೆಗೆ ಗಂಟೆ ಕೇಳಿಸಿತು. ಗುಂಡ ಬಂದ. ಮೂತಿಗೆ ಅಂಬಲಿ ಮೆತ್ತಿಕೊಂಡಿತ್ತು. ನಾನು ಮೆಲ್ಲಗೆ ಗುಂಡಾ ಅಂದೆ. ಅವನು ನಿಲ್ಲಲಿಲ್ಲ. ಹೆದರಿ ಓಡಿಹೋಗಿದ್ದ ಅದೇ ಚಪ್ಪಡಿಗಳ ಮೇಲೆ ಟಕಟಕ ಹೆಜ್ಜೆ ಹಾಕುತ್ತ ಅವಳ ಹತ್ತಿರ ಹೋದ. ಅವಳ ಮಡಿಲಿಗೆ ಬಾಯಿ ಹಾಕಿದ. ಮನೆ ಹಾಳಾದದ್ದು, ಸಂತೆಯವರು ನಕ್ಕದ್ದು, ಆಮೇಲೆ ಅಪ್ಪ ಹುಣಸೆಬರಲು ತೆಗೆದುಕೊಂಡದ್ದು ಯಾವುದೂ ನನಗೆ ಅಷ್ಟು ನೋಯಲಿಲ್ಲ. ಇದು ನೋಯಿತು. ಸಂಜೆ ಗುಂಡ ಮನೆಗೆ ಬಂದಾಗ ನಾನು ಅವನ ಜೊತೆ ಮಾತು ಬಿಟ್ಟೆ.

ಮೂರು ನಾಲ್ಕು ದಿನದ ಮೇಲೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಕೆಂಚಿ ಅವಳಾಗೇ ಬಾಯಿ ತೆರೆದಳು.

“ಬರೋ ಸಂತೆಗೆ ನೀನೇ ನಿಂತ್ಕ. ನಾನು ಕಂಬದ ಮರೇಲಿ ಕುಂತು ಕೂಗ್ತೀನಿ. ಉಣ್ಣೆ ನಿನ್ ಕೈಗೇ ಹಾಕ್ತಾರೆ.”

ನಾನು ಅವರೆಕಾಯಿಯ ಮೊರ ಒದ್ದು ಎದ್ದು ಹೋದೆ. ಕಸಿದುಕೊಂಡಿದ್ದರೆ ಕ್ಷಮಿಸುತ್ತಿದ್ದೆನೇನೋ, ಕೊಡಲು ಬಂದದ್ದನ್ನು ಇವತ್ತಿಗೂ ಕ್ಷಮಿಸಿಲ್ಲ. ಇನ್ನು ಕುರಿ ದಾಟುವ ಹೊತ್ತಿಗೆ ನೀನು ಹೊರಗೆ ಕಾಲಿಡಬೇಡ ಅಂತ ಆಮೇಲೆ ಅಜ್ಜಿ ಅಪ್ಪಣೆ ಮಾಡಿದಳು. ಸಂತೆಯ ದಿನಗಳಲ್ಲಿ ನಾನು ಪಡಸಾಲೆಯ ಕಿಟಕಿಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಹಾಗೆ ಕೂತು ಕೂತೇ ಓದು ಹತ್ತಿತು. ಹೊಸದುರ್ಗದ ಹೈಸ್ಕೂಲು, ಚಿತ್ರದುರ್ಗದ ಕಾಲೇಜು, ಆಮೇಲೆ ಟೀಚರ್ ಕೆಲಸ. ಓದಿನ ಮೇಲೆ ನಿಮಗೆ ಅಷ್ಟು ಪ್ರೀತಿ ಹೇಗೆ ಬಂತು ಅಂತ ಬೀಳ್ಕೊಡುಗೆ ಸಮಾರಂಭದಲ್ಲಿ ಯಾರೋ ಕೇಳಿದಾಗ ತಂದೆತಾಯಿಯ ಆಶೀರ್ವಾದ ಅಂದೆ. ಕುರಿಗಳು ನನ್ನ ಕರೆಗೆ ಬಾರದ್ದರಿಂದ ಅಂತ ಮೈಕಿನಲ್ಲಿ ಹೇಳಲಾಗುತ್ತದೆಯೇ. ಕೆಂಚಿ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಳು. ನಮ್ಮಿಬ್ಬರ ಮದುವೆ ಒಂದೇ ಬೇಸಿಗೆಯಲ್ಲಾಯಿತು. ಅಪ್ಪ ತನ್ನ ಅಂಗಡಿಯಲ್ಲೇ ಅತಿ ನಯವಾದ, ಅಚ್ಚ ಕಪ್ಪು ಕಂಬಳಿಯನ್ನು ನನಗೆ ಕೊಟ್ಟ. ಅಜ್ಜಿ ಯಾವ ಬಣ್ಣವೂ ಅಲ್ಲದ ಆ ಕಂಬಳಿಯನ್ನು ಕೆಂಚಿಯ ಹೆಗಲಿಗೆ ಹಾಕಿದಳು. ಜನ ಕತ್ತು ಚಾಚಿದರು. ನಾನೂ ನೋಡುತ್ತ ನಿಂತೆ, ನನ್ನ ಕಪ್ಪು ಕಂಬಳಿ ಹಿಡಿದುಕೊಂಡು.

ಒಂದು ಮಾತು ಯಾರಿಗೂ ಗೊತ್ತಿಲ್ಲ. ಆ ಕೂಗನ್ನು ನಾನು ಕಲಿತೆ. ಅತ್ತೆಯದಲ್ಲ, ಕೆಂಚಿಯದು. ನಾಲಿಗೆ ಎಲ್ಲಿಡುತ್ತಾಳೆ, ದನಿ ಎಲ್ಲಿ ಇಳಿಸುತ್ತಾಳೆ ಎಲ್ಲವೂ ಆ ಕಿಟಕಿಯಿಂದ ನನಗೆ ಬಾಯಿಪಾಠವಾಗಿತ್ತು. ಗಂಡನ ಮನೆಯಲ್ಲಿ ಮಿಕ್ಸಿ ಸದ್ದಿನ ಮರೆಯಲ್ಲಿ ಕೂಗಿದ್ದೇನೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಖಾಲಿ ಕ್ಲಾಸಿನಲ್ಲಿ ಬಾಗಿಲು ಮುಂದೆ ಮಾಡಿ ಕೂಗಿದ್ದೇನೆ. ಕೇಳುವ ಕುರಿ ಮಾತ್ರ ಒಂದೂ ಇರಲಿಲ್ಲ.

ಕೊನೆಗೆ ಹೋದೆ. ಹೋಗದಿದ್ದರೆ ಅವಳೊಬ್ಬಳೇ ಮಾತಾಡುತ್ತಾಳಲ್ಲ, ಅದಕ್ಕೆ. ಚಿತ್ರದುರ್ಗದಿಂದ ಹೊಳಲ್ಕೆರೆ ದಾಟುವವರೆಗೂ ಬಸ್ಸಿನಲ್ಲಿ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸಂತೆಮಾಳದ ಮೇಲ್ಗಡೆ ಸಿಮೆಂಟಿನ ಹೊಸ ಸೇತುವೆ ಆಗಿದೆ. ಕುರಿಗಳು ಈಗ ಪಿಕಪ್ ಗಾಡಿಯಲ್ಲಿ ನಿಂತುಕೊಂಡು ಅದರ ಮೇಲೆ ಹೋಗುತ್ತವೆ. ನಮ್ಮ ಮನೆ ಇದ್ದಲ್ಲಿ ಕಬ್ಬಿಣ, ಸಿಮೆಂಟು ಮಾರುವ ಅಂಗಡಿ ಇದೆ. ಹಳೆಯ ಸೇತುವೆಗೆ ಎರಡೂ ಕಡೆ ಕಬ್ಬಿಣದ ಕಂಬ ನೆಟ್ಟು ಗಾಡಿ ಹೋಗದ ಹಾಗೆ ಮಾಡಿದ್ದಾರೆ, ಬಗ್ಗಿದ್ದ ತೊಲೆಗಳನ್ನು ಎತ್ತಿ ಕೂರಿಸಿದ್ದಾರೆ, ಒಂದು ಬೋರ್ಡೂ ಇದೆ. ಬೋರ್ಡಿನಲ್ಲಿ ರಾಜರ ಮಾತಿದೆ, ಕುರಿಯ ಮಾತಿಲ್ಲ. ನಾನು ಬಗ್ಗಿ ನೋಡಿದೆ, ಸಂದುಗಳನ್ನು ಮುಚ್ಚಿರಲಿಲ್ಲ. ಕೆಂಚಿ ಈಚೆ ದಂಡೆಯ ಮೊದಲ ಚಪ್ಪಡಿ ಮೇಲೆ, ಅಜ್ಜಿ ರಂಗೋಲಿ ಎಳೆಯುತ್ತಿದ್ದ ಜಾಗದಲ್ಲಿ ಕೂತಿದ್ದಳು, ಪಕ್ಕದಲ್ಲಿ ಮೊಮ್ಮಗಳು. ಹೆಗಲ ಮೇಲೆ ಆ ಕಂಬಳಿ. ಬಿಸಿಲಲ್ಲಿ ಕಂಬಳಿ ಯಾಕೆ ಬೇಕಿತ್ತು ಅವಳಿಗೆ. ನನ್ನನ್ನು ಉರಿಸಲಿಕ್ಕೇ ತಂದಿದ್ದಾಳೆ ಅಂದುಕೊಂಡೆ.

ಕಾಲೇಜಿನ ಹುಡುಗ ಹುಡುಗಿಯರು ಫೋನು ಹಿಡಿದು ಸುತ್ತ ನಿಂತರು. ಅವರ ಮೇಡಂ ಬಗ್ಗಿ ಕೈ ಮುಗಿದು, ಅಜ್ಜಿ, ಒಂದು ಸಲ ಕುರಿ ಕರೆದು ತೋರಿಸುತ್ತೀರಾ ಅಂತ ಕೇಳಿದಳು. ಕೆಂಚಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ನಕ್ಕಳು.

“ನಂದು ಫೋನ್ನಾಗೇ ನೋಡೀರಲ್ಲ ಬಿಡ್ರಿ. ಇವ್ಳನ್ನ ಕರ್ಕಂಡೋಗ್ರಿ. ಈ ಮನೆ ಮಗ್ಳು ಇವ್ಳು. ನಾನು ಬಂದು ಸೇರ್ಕಂಡೋಳು.”

ಅದೇ ಅವರೆಕಾಯಿಯ ಮೊರ. ಒದೆಯಲು ಕಾಲೆತ್ತಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಅಷ್ಟರಲ್ಲಿ ಹುಡುಗಿಯರು, ಬರ್ರಿ ಅಜ್ಜಿ, ಬರ್ರಿ ಅಂತ ನನ್ನ ಎರಡೂ ಕೈ ಹಿಡಿದು ನಡೆಸಿಕೊಂಡು ಹೊರಟಿದ್ದರು. ಆಚೆ ದಂಡೆಯ ಕೊನೆಯ ಚಪ್ಪಡಿ ಮೇಲೆ ನಿಲ್ಲಿಸಿ ದೂರ ಸರಿದರು. ಎದುರಿಗೆ ಸೇತುವೆ, ಅದರ ಆ ತುದಿಗೆ ಕೂತ ಕೆಂಚಿ. ಬಸ್ಸಿನಲ್ಲಿ ಜೋಡಿಸಿದ್ದ ಮಾತೊಂದೂ ನೆನಪಾಗಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದೆ. ಕರೆದೆ. ಊಟಕ್ಕೆ ಕರೆಯುವಷ್ಟೇ ದನಿ. ಅದು ಚಪ್ಪಡಿಗಳ ಮೇಲೆ ಹೋಗಿ ನಿಧಾನ ಕೆಳಗಿಳಿಯಿತು. ಹುಡುಗರು ಚಪ್ಪಾಳೆ ತಟ್ಟಿದರು.

ಕೆಂಚಿ ತಲೆ ಎತ್ತಿದಳು. ಅವಳ ಮುಖ ನನಗೆ ಅಷ್ಟು ದೂರದಿಂದ ಸರಿಯಾಗಿ ಕಾಣಲಿಲ್ಲ. ಮೊಮ್ಮಗಳ ಭುಜ ಹಿಡಿದು ಎದ್ದಳು. ಆಮೇಲೆ ಅವಳ ಕೈಯನ್ನೂ ಬಿಟ್ಟು ಒಬ್ಬಳೇ ಸೇತುವೆ ಮೇಲೆ ನಡೆದು ಬರತೊಡಗಿದಳು. ಒಂದೊಂದು ಚಪ್ಪಡಿಗೂ ನಿಂತು, ಸೊಂಟಕ್ಕೆ ಕೈಯಿಟ್ಟು, ಮತ್ತೆ ಹೆಜ್ಜೆ. ಯಾರೂ ಕರೆಯಬೇಡ ಅನ್ನಲಿಲ್ಲ. ನಾನು ಇನ್ನೊಮ್ಮೆ ಕರೆದೆ. ಅವಳು ಬಂದಳು. ನನ್ನ ಮುಂದೆ ನಿಂತು ಉಸಿರು ಸುಧಾರಿಸಿಕೊಂಡಳು.

“ಯಾವಾಗ ಕಲ್ತೆ ಇದ್ನ.”

“ನಿಂಗ್ಯಾಕೆ.”

“ಕೊನೇಲಿ ಸ್ವಲ್ಪ ಮೂಗಿಂದ ಬರ್ತೈತೆ. ಅದೊಂದ್ ಬಿಟ್ರೆ ಸರಿ ಐತೆ.”

ನನ್ನ ಕಣ್ಣು ತುಂಬಿತ್ತು, ಮೈ ಉರಿಯುತ್ತಲೂ ಇತ್ತು. ನಾನು ಅವಳ ಮುಂದೆ ಅಂಗೈ ಚಾಚಿದೆ. ಅವಳಿಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಕಂಬಳಿಯ ಅಂಚನ್ನು ಹಿಡಿದು, ಎಳೆ ಸಡಿಲವಾದ ಕಡೆ ಹುಡುಕಿ, ಒಂದು ಚಿಟಿಕೆ ಉಣ್ಣೆ ಕಿತ್ತು ನನ್ನ ಅಂಗೈಗೆ ಹಾಕಿದಳು. ಕಪ್ಪೂ ಅಲ್ಲ, ಕಂದೂ ಅಲ್ಲ. ನಾನು ಮುಷ್ಟಿ ಮುಚ್ಚಿಕೊಂಡೆ. ಕಂಬಳಿಯನ್ನು ಅವಳು ಕೊಡವಿ, ಮತ್ತೆ ತನ್ನ ಹೆಗಲಿಗೇ ಹಾಕಿಕೊಂಡಳು.